ಲೆಕ್ಕದ ಅಡುಗೆಮನೆಯ ಕೀಲಿಕೈ

'ಸೆಲ್ಫ್ ಸರ್ವಿಸ್' ಎಂಬ ಬೋರ್ಡನ್ನು ನಮ್ಮಲ್ಲಿ ಬಹಳ ಜನ ಮೊದಲು ಕಂಡದ್ದು ಬೆಂಗಳೂರಿನ ದರ್ಶಿನಿಗಳಲ್ಲಿ. ಚೀಟಿ ತೆಗೆದುಕೊಳ್ಳಿ, ತಟ್ಟೆ ನೀವೇ ಹಿಡಿದುಕೊಳ್ಳಿ, ನಿಂತು ತಿನ್ನಿ. ಮಾಣಿ ಇಲ್ಲ, ಅಷ್ಟೆ. ಅಡುಗೆಮನೆ ಮಾತ್ರ ಅಡುಗೆಯವರದ್ದೇ. ಕಚೇರಿಯ ಲೆಕ್ಕಾಚಾರದ ಲೋಕಕ್ಕೆ ಇದೇ ಬೋರ್ಡು ಬಂದಾಗ ಆದದ್ದು ಬೇರೆ. ಅಲ್ಲಿ ಗಿರಾಕಿಯನ್ನು ನೇರವಾಗಿ ಅಡುಗೆಮನೆಯೊಳಕ್ಕೇ ಕರೆದರು. ಒಲೆ, ಸೌಟು, ಸಾರಿನ ಪುಡಿಯ ಡಬ್ಬಿ ಎಲ್ಲವನ್ನೂ ಕೈಗೆ ಕೊಟ್ಟು 'ಬೇಕಾದ್ದು ನೀವೇ ಮಾಡಿಕೊಳ್ಳಿ' ಅಂದರು. ಕಥೆ-ಕವಿತೆಗಳ ಈ ಪತ್ರದಲ್ಲಿ ಅದಕ್ಕೇನು ಕೆಲಸ ಎಂದು ಕೇಳುವವರು ಇದ್ದೇ ಇರುತ್ತಾರೆ. ಬಳಗದ ಅರ್ಧದಷ್ಟು ಜನರ ಅನ್ನ ಬೇಯುತ್ತಿರುವುದು ಇದೇ ಒಲೆಯ ಮೇಲೆ. ಅದರ ಚರಿತ್ರೆಯನ್ನೊಮ್ಮೆ ಬರೆದಿಟ್ಟರೆ ತಪ್ಪೇನಿಲ್ಲ ಎಂದುಕೊಂಡಿದ್ದೇವೆ.

'ಬಿಸಿನೆಸ್ ಇಂಟೆಲಿಜೆನ್ಸ್' ಎಂಬ ಜೋಡಿಪದವನ್ನು ಕಂಪ್ಯೂಟರಿನೊಂದಿಗೆ ಗಂಟು ಹಾಕಿದವರು ಐಬಿಎಂ ಕಂಪನಿಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್. 1958ರ ಅಕ್ಟೋಬರಿನಲ್ಲಿ ಐಬಿಎಂನ ಸಂಶೋಧನಾ ಪತ್ರಿಕೆಯಲ್ಲಿ ಆ ಹೆಸರಿನದ್ದೇ ಒಂದು ಲೇಖನ ಬರೆದರು. ಸ್ವಾರಸ್ಯವೆಂದರೆ ಅದರ ಜೀವಾಳ ಮಾರಾಟದ ಅಂಕಿ-ಅಂಶವೂ ಅಲ್ಲ, ಗ್ರಾಫೂ ಅಲ್ಲ. ಸಂಸ್ಥೆಯೊಳಕ್ಕೆ ಬಂದ ಕಾಗದಪತ್ರಗಳನ್ನು ಯಂತ್ರವೇ ಓದಿ, ಸಾರಾಂಶ ತೆಗೆದು, ಯಾರಿಗೆ ಯಾವುದರಲ್ಲಿ ಆಸಕ್ತಿ ಎಂದು ನೋಡಿಕೊಂಡು ಅವರವರ ಮೇಜಿಗೆ ಮುಟ್ಟಿಸಬೇಕು ಎನ್ನುವುದು ಅವರ ಕಲ್ಪನೆ. ಯಾರಿಗೆ ಏನು ಬೇಕು, ಯಾರಿಗೆ ಏನು ಗೊತ್ತು – ಇವೆರಡನ್ನು ಹೊಂದಿಸುವ ಕೆಲಸ. ಇಂದು ನಾವು 'ಕೊಲಾಬೊರೇಷನ್' ಎಂದು ಕರೆಯುವುದು ಇದನ್ನೇ! ಹೆಸರಿಗೆ ಅಂಕಿಗಳ ಅರ್ಥ ಅಂಟಿಕೊಂಡದ್ದು ಬಹಳ ತಡವಾಗಿ, 1989ರಲ್ಲಿ ಹೋವರ್ಡ್ ಡ್ರೆಸ್ನರ್ ಅದನ್ನು ಎತ್ತಿಕೊಂಡು ಬಳಕೆಗೆ ತಂದ ಮೇಲೆ. ಅಂಕಿಗಳು ಮತ್ತು ಕಾಗದಪತ್ರಗಳು ಹೀಗೆ ಬೇರೆ ಬೇರೆ ಮನೆ ಮಾಡಿದವು. ಮತ್ತೆ ಒಂದೇ ಸೂರಿನಡಿ ಸೇರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಆ ಮೊದಲ ದಿನಗಳಲ್ಲಿ ಲೆಕ್ಕ ಬೇಕೆಂದರೆ ಕಂಪ್ಯೂಟರ್ ವಿಭಾಗದ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು, ಊರಲ್ಲಿ ಪಹಣಿಗಾಗಿ ಶಾನುಭೋಗರ ಜಗಲಿಯಲ್ಲಿ ನಿಂತಂತೆ. ಬೇಡಿಕೆ ಬರೆದು ಕೊಟ್ಟು ವಾರಗಟ್ಟಲೆ ಕಾದರೆ ಹಾಳೆಗಳ ಕಟ್ಟು ಬರುತ್ತಿತ್ತು. ಅಷ್ಟರಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆಯಾಗಿರುತ್ತಿತ್ತು. 1970ರ ದಶಕದಲ್ಲಿ ಐಬಿಎಂನ ಕೆನಡಾ ಶಾಖೆ 'ಇನ್ಫರ್ಮೇಷನ್ ಸೆಂಟರ್' ಎಂಬ ಏರ್ಪಾಡು ಮಾಡಿತು: ಉಪಕರಣ ಕೊಡುತ್ತೇವೆ, ಕಲಿಸುತ್ತೇವೆ, ಲೆಕ್ಕ ನೀವೇ ಮಾಡಿಕೊಳ್ಳಿ. 1980ರ ದಶಕದ ಆರಂಭದಲ್ಲಿ ಜೇಮ್ಸ್ ಮಾರ್ಟಿನ್ ಎಂಬವರು ಪ್ರೋಗ್ರಾಮರುಗಳೇ ಇಲ್ಲದೆ ತಂತ್ರಾಂಶ ಕಟ್ಟುವುದರ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ನಮ್ಮ ವೃತ್ತಿಯ ಮರಣವಾರ್ತೆ ಅಂದಿನಿಂದ ಇಂದಿನವರೆಗೆ ಎಷ್ಟು ಸಲ ಪ್ರಕಟವಾಗಿದೆಯೋ ಲೆಕ್ಕ ಇಟ್ಟವರಿಲ್ಲ.

ನಿಜವಾಗಿ ಬೀಗ ಒಡೆದದ್ದು ಮಾತ್ರ ಇಂಥ ಏರ್ಪಾಡುಗಳಲ್ಲ, ಮೇಜಿನ ಮೇಲಿನ ಪುಟ್ಟ ಯಂತ್ರ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್ 2 ಯಂತ್ರಕ್ಕಾಗಿ ವಿಸಿಕ್ಯಾಲ್ಕ್ ತಂದರು – 63 ಕಾಲಂ, 254 ಸಾಲು. ಅಷ್ಟರಲ್ಲೇ ಜಗತ್ತು ಮರುಳಾಯಿತು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್, 1993ರ ಎಕ್ಸೆಲ್ 5ರಲ್ಲಿ ಪಿವಟ್ ಟೇಬಲ್. ಈ ಪಿವಟ್ ಟೇಬಲ್ಲಿನ ಬಗ್ಗೆ ಒಂದು ಮಾತು. ಜಿಲ್ಲೆವಾರು ಇದ್ದದ್ದನ್ನು ತಿಂಗಳುವಾರು ಮಾಡಲು ಹಿಂದೆ ಒಬ್ಬ ಪ್ರೋಗ್ರಾಮರ್ ಬೇಕಿದ್ದ. ಈಗ ಮೌಸಿನಲ್ಲಿ ಎಳೆದು ಬಿಟ್ಟರಾಯಿತು. 'ಸೆಲ್ಫ್ ಸರ್ವಿಸ್' ಎಂಬ ಹೆಸರಿಲ್ಲದೆ ನಡೆದ ನಿಜವಾದ ಸೆಲ್ಫ್ ಸರ್ವಿಸ್ ಅದು.

ನಮ್ಮಂಥವರು ಪರದೇಶಕ್ಕೆ ಬಂದಿಳಿದದ್ದು ಇದರ ಮುಂದಿನ ಅಧ್ಯಾಯದಲ್ಲಿ. 2001ರಿಂದ 2003ರವರೆಗಿನ ಹಣಕಾಸು ವರ್ಷಗಳಲ್ಲಿ ಅಮೆರಿಕ ಎಚ್-1ಬಿ ವೀಸಾದ ವಾರ್ಷಿಕ ಮಿತಿಯನ್ನು 1,95,000ಕ್ಕೆ ಏರಿಸಿತ್ತು; ಆ ಅಲೆಯಲ್ಲೂ ಅದರ ಹಿಂದೆಯೇ ಬಂದವರಲ್ಲೂ ಕನ್ನಡಿಗರು ಕಡಿಮೆಯಿರಲಿಲ್ಲ. ಬಂದವರಲ್ಲಿ ಅನೇಕರ ಪಾಲಿಗೆ ಸಿಕ್ಕಿದ್ದು 'ರಿಪೋರ್ಟ್ ಬರೆಯುವ' ಕೆಲಸ. ಕಾಗ್ನೋಸ್, ಬಿಸಿನೆಸ್ ಆಬ್ಜೆಕ್ಟ್ಸ್, ಕ್ರಿಸ್ಟಲ್ ರಿಪೋರ್ಟ್ಸ್ – ಈ ಹೆಸರುಗಳನ್ನು ಕೇಳಿದರೆ ಈಗಲೂ ಬೆನ್ನು ನೋಯುವವರು ಬಳಗದಲ್ಲಿದ್ದಾರೆ. ಡೇಟಾ ವೇರ್‌ಹೌಸ್ ಎಂಬ ದೊಡ್ಡ ಉಗ್ರಾಣ, ಅದರ ಬಾಗಿಲಲ್ಲಿ ಕೀಲಿಕೈ ಹಿಡಿದ ನಾವು. 'ಸತ್ಯದ ಏಕೈಕ ಆವೃತ್ತಿ' ಎಂಬುದು ಆ ಕಾಲದ ಮಂತ್ರ.

ಈ ಮಂತ್ರ ಕೇಳಿದಷ್ಟು ಸುಲಭವಲ್ಲ. 'ನಮಗೆ ಎಷ್ಟು ಗ್ರಾಹಕರಿದ್ದಾರೆ?' ಎಂದು ಕೇಳಿ ನೋಡಿ. ಮಾರಾಟದವರಿಗೆ ಸಹಿ ಹಾಕಿದವನು ಗ್ರಾಹಕ, ಹಣಕಾಸಿನವರಿಗೆ ದುಡ್ಡು ಕೊಟ್ಟವನು, ದೂರು ವಿಭಾಗದವರಿಗೆ ಫೋನು ಮಾಡಿದವನು. ಮೂರೂ ಸರಿ, ಮೂರು ಅಂಕಿಯೂ ಬೇರೆ. ಸಾಹಿತ್ಯದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ಇದು ನಿಘಂಟಿನ ಜಗಳ. ಪರಿಷತ್ತಿನ ಬೃಹತ್ ಕನ್ನಡ ನಿಘಂಟು ಮುಗಿಯಲು ದಶಕಗಳೇ ಬೇಕಾದವಲ್ಲ, ಹಾಗೆಯೇ ಇಲ್ಲೂ ಸಮಿತಿ ಕೂತು 'ಗ್ರಾಹಕ'ನ ಅರ್ಥ ತೀರ್ಮಾನ ಮಾಡುವಷ್ಟರಲ್ಲಿ ಬೀದಿಯ ಮಾತು ಮುಂದೆ ಹೋಗಿರುತ್ತಿತ್ತು. ಕಾಯಲಾರದ ಗುಮಾಸ್ತ ಏನು ಮಾಡುತ್ತಿದ್ದ? ನಾವು ಬೆವರು ಸುರಿಸಿ ಕಟ್ಟಿದ ರಿಪೋರ್ಟನ್ನು ಎಕ್ಸೆಲ್ಲಿಗೆ ಇಳಿಸಿಕೊಂಡು, ತನಗೆ ಬೇಕಾದ ಹಾಗೆ ತಿದ್ದಿಕೊಂಡು, ಹತ್ತು ಜನಕ್ಕೆ ಮಿಂಚಂಚೆಯಲ್ಲಿ ಕಳಿಸುತ್ತಿದ್ದ. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್'... ಕಂಪನಿಯ ನಿಜವಾದ ಲೆಕ್ಕ ಇದ್ದದ್ದು ಈ ಲಗತ್ತುಗಳಲ್ಲಿ. ಉಗ್ರಾಣದ ಬಾಗಿಲಲ್ಲಿದ್ದವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಇಲ್ಲಿ ಶೇರ್‌ಪಾಯಿಂಟಿನ ಪ್ರವೇಶ. ಕೂಡಿ ಕೆಲಸ ಮಾಡುವ ತಂತ್ರಾಂಶ ಅದಕ್ಕೂ ಮೊದಲಿತ್ತು. ರೇ ಓಝಿಯವರ ಲೋಟಸ್ ನೋಟ್ಸ್ 1989ರಲ್ಲೇ ಬಂದಿತ್ತು. ಮೈಕ್ರೋಸಾಫ್ಟ್ 2001ರಲ್ಲಿ ತಂದ ಶೇರ್‌ಪಾಯಿಂಟ್ ಮೊದಲಿಗೆ ಬರೀ ಕಡತಗಳ ಕಪಾಟು, ಜೊತೆಗೊಂದು ಹುಡುಕುವ ಸೌಲಭ್ಯ. 2007ರ ಆವೃತ್ತಿಯಲ್ಲಿ 'ಎಕ್ಸೆಲ್ ಸರ್ವಿಸಸ್' ಬಂತು: ಹಾಳೆಯನ್ನು ಕಪಾಟಿನಲ್ಲಿಟ್ಟರೆ ಸರ್ವರ್ರೇ ಅದನ್ನು ಲೆಕ್ಕ ಹಾಕಿ ಬ್ರೌಸರಿನಲ್ಲಿ ತೋರಿಸುತ್ತದೆ, ನೋಡುವವರಿಗೆ ಸೂತ್ರ ಮುಟ್ಟಲು ಬಿಡದೆ ಉತ್ತರವನ್ನಷ್ಟೇ ತೋರಿಸಬಹುದು. ಅದೇ 2007 ಈ ಉದ್ಯಮದ ಮದುವೆಗಳ ವರ್ಷ. ಒರಾಕಲ್ ಹೈಪೀರಿಯನ್ನನ್ನು ಕೊಂಡಿತು, ಎಸ್‌ಎಪಿ ಬಿಸಿನೆಸ್ ಆಬ್ಜೆಕ್ಟ್ಸ್‌ಗೆ, ಐಬಿಎಂ ಕಾಗ್ನೋಸ್‌ಗೆ ಕೈ ಹಾಕಿದವು. ಮೈಕ್ರೋಸಾಫ್ಟ್ ಕೂಡ ಪರ್ಫಾರ್ಮೆನ್ಸ್‌ಪಾಯಿಂಟ್ ಎಂಬ ಪ್ರತ್ಯೇಕ ಸರಕನ್ನು ತಂದು, 2009ರಲ್ಲಿ ಅದನ್ನು ಶೇರ್‌ಪಾಯಿಂಟಿನೊಳಕ್ಕೇ ಸೇರಿಸುವುದಾಗಿ ಹೇಳಿತು.

ಮುಖ್ಯ ಘಟನೆ ನಡೆದದ್ದು 2010ರಲ್ಲಿ. ಎರಡು ವರ್ಷ ಹಿಂದೆ 'ಜೆಮಿನೈ' ಎಂಬ ಗುಪ್ತನಾಮದಲ್ಲಿ ಘೋಷಣೆಯಾಗಿದ್ದ ಪವರ್‌ಪಿವಟ್ ಆ ವರ್ಷ ಕೈಗೆ ಬಂತು. ಇದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು ಅಮೀರ್ ನೆಟ್ಜ್. 1996ರಲ್ಲಿ ಮೈಕ್ರೋಸಾಫ್ಟ್ ಇಸ್ರೇಲಿನ ಪನೋರಮಾ ಕಂಪನಿಯ ತಂತ್ರಜ್ಞಾನವನ್ನು ಕೊಂಡಾಗ ಅದರೊಂದಿಗೆ ಬಂದವರು. ಎಕ್ಸೆಲ್ಲಿನ ಹಾಳೆಗೆ 2007ಕ್ಕೂ ಮೊದಲು 65,536 ಸಾಲಿನ ಮಿತಿ, ಆಮೇಲೆ 10,48,576. ಪವರ್‌ಪಿವಟ್ ಅದೇ ಎಕ್ಸೆಲ್ಲಿನ ಹೊಟ್ಟೆಯೊಳಗೆ ಕೋಟಿಗಟ್ಟಲೆ ಸಾಲು ತುಂಬಿಸುತ್ತಿತ್ತು. ಗುಟ್ಟು ಬಹಳ ಸರಳ. ದತ್ತಾಂಶವನ್ನು ಸಾಲುಸಾಲಾಗಿ ಇಡದೆ ಕಾಲಂ ಕಾಲಂ ಆಗಿ ಇಡುವುದು. ಅಮೆರಿಕದ ರಾಜ್ಯಗಳ ಕಾಲಂ ಒಂದಿದೆಯೆನ್ನಿ. ಸಾಲು ಕೋಟಿಯಿದ್ದರೂ ಹೆಸರುಗಳು 50. ಪ್ರತಿ ಹೆಸರನ್ನೂ ಒಮ್ಮೆ ಮಾತ್ರ ಪಟ್ಟಿಯಲ್ಲಿ ಬರೆದು, ಉಳಿದ ಕಡೆಯಲ್ಲೆಲ್ಲ ಪುಟಾಣಿ ಕ್ರಮಸಂಖ್ಯೆ ಇಟ್ಟರೆ ಬೆಟ್ಟದಷ್ಟಿದ್ದದ್ದು ಬೊಗಸೆಗೆ ಬರುತ್ತದೆ. ಜೊತೆಗೆ ಸೂತ್ರ ಬರೆಯಲು ಡ್ಯಾಕ್ಸ್ ಎಂಬ ಭಾಷೆ. ಮೇಲ್ನೋಟಕ್ಕೆ ಎಕ್ಸೆಲ್ ಸೂತ್ರದಂತೆಯೇ ಕಾಣುವ, ಒಳಗಿಳಿದರೆ ಹಳಗನ್ನಡದಂತೆ ಕೈಕೊಡುವ ಭಾಷೆ!

ನಮ್ಮ ಮಟ್ಟಿಗೆ ಈ ಚರಿತ್ರೆಯ ತಿರುವು ಇರುವುದು ವೇಗದಲ್ಲಲ್ಲ. ಪವರ್‌ಪಿವಟ್ಟಿನ ಇನ್ನರ್ಧ ಶೇರ್‌ಪಾಯಿಂಟಿನಲ್ಲಿತ್ತು. ಗುಮಾಸ್ತ ಕಟ್ಟಿದ ಹಾಳೆಯನ್ನು ಅಲ್ಲಿನ ಗ್ಯಾಲರಿಯಲ್ಲಿ ಇಡುತ್ತಾನೆ, ಪುಟ್ಟ ಚಿತ್ರದೊಂದಿಗೆ ಎಲ್ಲರಿಗೂ ಕಾಣುತ್ತದೆ, ದಿನಕ್ಕೊಮ್ಮೆ ದತ್ತಾಂಶ ತಾನಾಗಿ ಹೊಸದಾಗುತ್ತದೆ. ಅತ್ತ ಐಟಿ ವಿಭಾಗದವರಿಗೊಂದು ಪ್ರತ್ಯೇಕ ಪರದೆ, ಅದರಲ್ಲಿ ಗುಳ್ಳೆಗಳು. ಒಂದೊಂದು ಗುಳ್ಳೆ ಒಬ್ಬೊಬ್ಬರ ಹಾಳೆ. ಯಾವ ಹಾಳೆಯನ್ನು ಎಷ್ಟು ಜನ ನೋಡುತ್ತಿದ್ದಾರೆ, ಎಷ್ಟು ಸಲ ಕೇಳುತ್ತಿದ್ದಾರೆ, ಎಷ್ಟು ದಪ್ಪಗಾಗಿದೆ ಎಂಬುದು ದಿನದಿಂದ ದಿನಕ್ಕೆ ಅಲ್ಲಿ ಕದಲುತ್ತಿತ್ತು. ಗುಳ್ಳೆಯೊಂದು ಉಬ್ಬಿ ಮೇಲೆ ಬಂತೆಂದರೆ ಅದು ಇನ್ನು ಒಬ್ಬನ ಖಾಸಗಿ ಲೆಕ್ಕವಲ್ಲ, ಇಡೀ ವಿಭಾಗ ಅದರ ಮೇಲೆ ಕೂತಿದೆ ಎಂದು ಅರ್ಥ. ಆಗ ಐಟಿಯವರು ಹೋಗಿ ಅದರ ಸೂತ್ರ ಪರಿಶೀಲಿಸಬಹುದು, ಅದನ್ನು ದೊಡ್ಡ ವ್ಯವಸ್ಥೆಗೆ ಏರಿಸಬಹುದು. ಮೂವತ್ತು ವರ್ಷ ಕತ್ತಲಲ್ಲಿ ಓಡಾಡುತ್ತಿದ್ದ ಹಾಳೆಗಳು ಮೊದಲ ಬಾರಿಗೆ ಕಾವಲಿನವರ ಕಣ್ಣಿಗೆ ಬಿದ್ದವು. ಅದೂ ನಿಷೇಧದಿಂದಲ್ಲ, ಹಂಚಿಕೊಳ್ಳುವ ಅನುಕೂಲದಿಂದ. ಲೂನ್ 1958ರಲ್ಲಿ ಬರೆದ 'ಯಾರಿಗೆ ಏನು ಗೊತ್ತು' ಎಂಬ ಪ್ರಶ್ನೆಗೆ ಕಚೇರಿಯಲ್ಲಿ ಸಿಕ್ಕ ಒಂದು ಪ್ರಾಮಾಣಿಕ ಉತ್ತರ ಈ ಗುಳ್ಳೆಗಳು ಎಂದು ನಮಗನ್ನಿಸುತ್ತದೆ. ಬಣ್ಣಬಣ್ಣದ ನಕ್ಷೆಗಳನ್ನು ಎಲ್ಲರೂ ಹೊಗಳಿದರು, ಈ ಪರದೆಯನ್ನು ಹೊಗಳಿದವರು ಕಡಿಮೆ.

ಅಷ್ಟು ಒಳ್ಳೆಯದಾಗಿದ್ದರೆ ಉಳಿಯಲಿಲ್ಲ ಏಕೆ? ದುಬಾರಿ ಎನ್ನುವುದು ಒಂದು, ಎರಡು ದೊಡ್ಡ ಸರಕುಗಳ ಎಂಟರ್‌ಪ್ರೈಸ್ ಆವೃತ್ತಿಗಳೇ ಬೇಕಿದ್ದವು. ಹಾಳೆ ತೆರೆದವರ ಗುರುತನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ದಾಟಿಸುವ ಕೆರ್ಬರೋಸ್ ವ್ಯವಸ್ಥೆಯನ್ನು ಸರಿಪಡಿಸುವುದರಲ್ಲೇ ಆಡಳಿತಗಾರರ ವಾರಗಳು ಕಳೆದುಹೋಗುತ್ತಿದ್ದವು. 2012ರಲ್ಲಿ ಬಂದ ಪವರ್ ವ್ಯೂ ಚೆಂದವಿತ್ತು, ಆದರೆ ಸಿಲ್ವರ್‌ಲೈಟ್ ಇಲ್ಲದೆ ನಡೆಯುತ್ತಿರಲಿಲ್ಲ. ಐಪ್ಯಾಡಿನಲ್ಲಂತೂ ಸಿಲ್ವರ್‌ಲೈಟ್ ಇರಲೇ ಇಲ್ಲ. ಅತ್ತ ಸ್ಟ್ಯಾನ್‌ಫರ್ಡ್‌ನ ಸಂಶೋಧನೆಯಿಂದ 2003ರಲ್ಲಿ ಹುಟ್ಟಿದ ಟ್ಯಾಬ್ಲೋ, ಸ್ವೀಡನ್ನಿನ ಕ್ಲಿಕ್ ಯಾವ ಕಪಾಟಿನ ಹಂಗೂ ಇಲ್ಲದೆ ಜನರ ಮನಸ್ಸು ಗೆಲ್ಲುತ್ತಿದ್ದವು. ಮೈಕ್ರೋಸಾಫ್ಟ್ 2013ರಲ್ಲಿ ಪ್ರಕಟಿಸಿದ ಪವರ್ ಬಿಐ ಮೊದಲಿಗೆ ಆನ್‌ಲೈನ್ ಶೇರ್‌ಪಾಯಿಂಟಿನ ಮೇಲೆಯೇ ಕೂತಿತ್ತು. 2015ರ ಜುಲೈಯಲ್ಲಿ ಬೇರೆಯಾಗಿ ಸ್ವಂತ ಮನೆ ಮಾಡಿತು. ಶೇರ್‌ಪಾಯಿಂಟಿನ 2016ರ ಆವೃತ್ತಿಯಲ್ಲಿ ಎಕ್ಸೆಲ್ ಸರ್ವಿಸಸ್ ಹೋಯಿತು, 2019ರದರಲ್ಲಿ ಪವರ್‌ಪಿವಟ್ ಗ್ಯಾಲರಿ. ಶೇರ್‌ಪಾಯಿಂಟ್ 2010 ಮತ್ತು ಸಿಲ್ವರ್‌ಲೈಟ್ ಎರಡಕ್ಕೂ ಬೆಂಬಲ ಮುಗಿದದ್ದು 2021ರಲ್ಲಿ, ಆರು ತಿಂಗಳ ಅಂತರದಲ್ಲಿ.

ಕತ್ತಲಲ್ಲಿರುವ ಹಾಳೆ ಎಂಥ ಅನಾಹುತ ಮಾಡಬಲ್ಲದು ಎನ್ನುವುದಕ್ಕೆ ಇಂಗ್ಲೆಂಡಿನತ್ತ ನೋಡಬೇಕು. 2020ರ ಶರತ್ಕಾಲ, ಕೋವಿಡ್ ಎರಡನೇ ಅಲೆ. ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಸಾರ್ವಜನಿಕ ಆರೋಗ್ಯ ಇಲಾಖೆ ಹಳೆಯ ಎಕ್ಸೆಲ್ ನಮೂನೆಯ ಕಡತಕ್ಕೆ ತುಂಬುತ್ತಿತ್ತು – ಅದೇ 65,536 ಸಾಲಿನ ಮಿತಿಯದು. ಒಂದೊಂದು ಪರೀಕ್ಷೆಗೆ ಹಲವು ಸಾಲು. ಕಡತ ತುಂಬಿತು, ಉಳಿದವು ಸದ್ದಿಲ್ಲದೆ ಆಚೆ ಉಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ಲೆಕ್ಕಕ್ಕೆ ಸಿಗಲಿಲ್ಲ. ರೋಗಿಗಳಿಗೆ ತಮ್ಮ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ದಿನಗಟ್ಟಲೆ ತಡವಾಯಿತು. ದಿನದಿನವೂ ಇಡೀ ದೇಶ ಕಾಯುತ್ತಿದ್ದ ಸಂಖ್ಯೆ ಅದು. ಅದು ಹಾದುಬರುತ್ತಿದ್ದ ಕಡತದ ಮೇಲೆ ಮಾತ್ರ ಯಾರ ಕಣ್ಣೂ ಇರಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ರೈನ್‌ಹಾರ್ಟ್ ಮತ್ತು ರೊಗಾಫ್ ಎಂಬ ಹಾರ್ವರ್ಡಿನ ಪ್ರಸಿದ್ಧ ಅರ್ಥಶಾಸ್ತ್ರಜ್ಞರು 2010ರಲ್ಲಿ ಸರ್ಕಾರಿ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಬರೆದ ಪ್ರಬಂಧವನ್ನು ಹಲವು ದೇಶಗಳ ರಾಜಕಾರಣಿಗಳು ಖರ್ಚು ಕಡಿತಕ್ಕೆ ಆಧಾರವಾಗಿ ಹಿಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ಆ ಲೆಕ್ಕ ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಕೇಳಿದಾಗ ಲೇಖಕರು ತಮ್ಮ ಎಕ್ಸೆಲ್ ಹಾಳೆಯನ್ನೇ ಕಳಿಸಿದರು. ತೆರೆದು ನೋಡಿದರೆ ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಬೇರೆ ಆಕ್ಷೇಪಗಳೂ ಇದ್ದವು, ಅವುಗಳ ಪಾಲೇ ದೊಡ್ಡದು. ಎಲ್ಲ ಸೇರಿ ಮೈನಸ್ 0.1 ಶೇಕಡಾ ಎಂದಿದ್ದ ಬೆಳವಣಿಗೆ 2.2 ಶೇಕಡಾ ಆಯಿತು. ಇದು ಹೊರಬಿದ್ದದ್ದು 2013ರಲ್ಲಿ. ಮೂಲ ಹಾಳೆ ಇನ್ನೊಬ್ಬರ ಕೈಗೆ ಬಂದದ್ದರಿಂದ ಮಾತ್ರ.

ಈಗಿನ ಪವರ್ ಬಿಐಯಲ್ಲೂ ಯಾರು ಏನು ನೋಡಿದರು ಎಂಬ ದಾಖಲೆಯಿದೆ, ಪರಿಶೀಲಿಸಿದ ಲೆಕ್ಕಕ್ಕೆ ಮುದ್ರೆ ಒತ್ತುವ ಸೌಲಭ್ಯವಿದೆ. ವರದಿಗಳು ಟೀಮ್ಸ್‌ನ ಹರಟೆಯ ಪಕ್ಕದಲ್ಲೇ ತೆರೆದುಕೊಳ್ಳುತ್ತವೆ. ಅಂಕಿಗಳೂ ಕಾಗದಪತ್ರಗಳೂ ಮತ್ತೆ ಒಂದೇ ಸೂರಿನಡಿ ಬಂದಿವೆ. ಆದರೆ ನಮ್ಮ ಕಸುಬಿನಲ್ಲಿ ಹಳೆಯದೊಂದು ನಗೆಚಾಟಿಕೆಯಿದೆ: ಜಗತ್ತಿನಲ್ಲಿ ಅತಿ ಹೆಚ್ಚು ಒತ್ತುವ ಗುಂಡಿಗಳಲ್ಲಿ 'ಓಕೆ', 'ಕ್ಯಾನ್ಸಲ್' ಬಿಟ್ಟರೆ ಮೂರನೆಯದು 'ಎಕ್ಸ್‌ಪೋರ್ಟ್ ಟು ಎಕ್ಸೆಲ್' ಅಂತೆ. ಆ ಗುಂಡಿ ಇಲ್ಲೂ ಇದೆ. ಬೇಡವೆಂದರೆ ಆಡಳಿತಗಾರರು ಅದನ್ನು ಮುಚ್ಚಬಹುದು. ಹಾಗೆ ಮುಚ್ಚಿದ ಕಚೇರಿಗಳಲ್ಲಿ ಜನ ಪರದೆಯ ಚಿತ್ರ ತೆಗೆದು, ಪಕ್ಕದಲ್ಲಿಟ್ಟುಕೊಂಡು, ಅಂಕಿಗಳನ್ನು ಒಂದೊಂದಾಗಿ ಹೊಸ ಹಾಳೆಯಲ್ಲಿ ಟೈಪು ಮಾಡುವುದನ್ನು ನಾವು ಕಂಡಿದ್ದೇವೆ.