ಅಜ್ಜಿಯ ಸೋಡಾಬುಡ್ಡಿ ಕನ್ನಡಕ ಮತ್ತು ಮಧುರೆಯ ಮಸೂರ

ಅಜ್ಜಿಯ ಕನ್ನಡಕ ಊರಿನ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ. ಕಡ್ಡಿಗೆ ಕಪ್ಪು ದಾರ ಸುತ್ತಿದೆ. ಗಾಜು ಅಂದ್ರೆ ಗಾಜಲ್ಲ ಅದು, ಸೋಡಾಬುಡ್ಡಿಯ ತಳ! 1984ರಲ್ಲಿ ಹೈಸ್ಕೂಲಿನ ಕೊಠಡಿಯೊಂದರಲ್ಲಿ ನಡೆದ ಕಣ್ಣಿನ ಕ್ಯಾಂಪಿನಲ್ಲಿ ಅಜ್ಜಿಗೆ ಪೊರೆ ತೆಗೆದರಂತೆ. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷ ಆಕೆಯ ಪ್ರಪಂಚವೆಲ್ಲ ಆ ಎರಡು ಗಾಜಿನ ಮೂಲಕವೇ. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಹೊರಗೆ. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವಿ ತಡವಿ ನೋಡಬೇಕು. ನಾನು ಪಕ್ಕದಿಂದ ಓಡಿ ಬಂದರೆ "ಧುತ್ತಂತ ಎದುರಿಗೆ ನಿಂತ್ಬಿಡ್ತೀಯಲ್ಲೋ ಮಗಾ" ಅಂತ ಬೆಚ್ಚಿ ಬೀಳ್ತಿದ್ದಳು. ಬೇಕಂತಲೇ ಎಷ್ಟೋ ಸಲ ಹಾಗೆ ಮಾಡಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಹೋದ ವರ್ಷ ಅಮ್ಮನಿಗೂ ಪೊರೆಯ ಆಪರೇಷನ್ ಆಯ್ತು. ಬೆಳಿಗ್ಗೆ ಒಳಗೆ ಹೋದವಳು ಮಧ್ಯಾಹ್ನ ಮನೆಯಲ್ಲಿ. ಮರುದಿನ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ದೂರದಿಂದಲೇ ಓದಿದಳು. ಸೋಡಾಬುಡ್ಡಿ ಇಲ್ಲ, ದಾರ ಇಲ್ಲ. ಅದೇ ಕಾಯಿಲೆ, ಅದೇ ಮನೆತನ, ನಡುವೆ ಇರುವುದು ಒಂದು ತಲೆಮಾರು. ಆ ನಡುವೆ ಏನಾಯ್ತು ಅಂತ ಹುಡುಕುತ್ತಾ ಹೋದೆ. ಇಂಗ್ಲೆಂಡಿನ ಯುದ್ಧವಿಮಾನದಿಂದ ಹೊರಟ ದಾರಿ ಮಧುರೈಗೆ ಬಂದು ನಿಂತಿತು. ಒಂದಿಷ್ಟು ವೈದ್ಯಕೀಯ, ಒಂದಿಷ್ಟು ಆಧ್ಯಾತ್ಮ, ಒಂದಿಷ್ಟು ಲೆಕ್ಕಶಾಸ್ತ್ರ ಎಲ್ಲ ಸೇರಿಕೊಂಡಿರೋ ಕಥೆ. ಸ್ವಲ್ಪ ಉದ್ದವಾಯಿತು, ಕಾಫಿ ಇಟ್ಟುಕೊಂಡೇ ಕೂರಿ :-)

ಕ್ಯಾಂಪು ಅಂದ ತಕ್ಷಣ ನಮ್ಮ ಕಡೆ ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿಯವರದ್ದು. ಬೆಂಗಳೂರಿನಲ್ಲಿ ಮೋದಿ ಆಸ್ಪತ್ರೆ ಅನ್ನೋದು ಒಂದು ಬಸ್ ಸ್ಟಾಪಿನ ಹೆಸರೂ ಹೌದು. ಆ ಮೋದಿ ಯಾರು ಅಂತ ನನ್ನ ವಯಸ್ಸಿನ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಬೀಳಗಿಯ ಕಡೆಯವರು, ಹುಟ್ಟಿದ್ದು 1916ರಲ್ಲಿ. 1943ರಿಂದ ಊರೂರು ಸುತ್ತಿ ಸಾಮೂಹಿಕವಾಗಿ ಪೊರೆ ತೆಗೆಯುತ್ತಾ ಹೋದರು. 1993ರ ಫೆಬ್ರವರಿಯ ಹೊತ್ತಿಗೆ 6,10,564 ಶಸ್ತ್ರಚಿಕಿತ್ಸೆ, ಒಂದೇ ದಿನದಲ್ಲಿ 833 ಅಂತ ಗಿನ್ನೆಸ್ ಪುಸ್ತಕ ದಾಖಲಿಸಿತ್ತು. 2005ರಲ್ಲಿ ತೀರಿಕೊಂಡರು. ಆ ಸಂಖ್ಯೆಗಳನ್ನು ನೋಡಿ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಅಷ್ಟು ಮಂದಿ ಕೈಹಿಡಿದು ನಡೆಸುವವರಿಲ್ಲದೆ ಓಡಾಡುವಂತಾದರು ಅಂದ್ರೆ ಸಣ್ಣ ಮಾತಲ್ಲ.

ಆದರೆ ಆ ಕಾಲದ ಶಸ್ತ್ರಚಿಕಿತ್ಸೆಗೇ ಒಂದು ಮಿತಿಯಿತ್ತು. ಕಣ್ಣಿನೊಳಗಿನ ಮಸೂರ ಮಂಜಾಗುವುದೇ ಪೊರೆ. ಆಗ ಆ ಮಸೂರವನ್ನು ಅದರ ಚೀಲದ ಸಮೇತ ಹೊರಗೆ ತೆಗೆದುಬಿಡುತ್ತಿದ್ದರು. ಕೆಲಸ ಬೇಗ ಮುಗಿಯುತ್ತೆ, ದುಬಾರಿ ಮೈಕ್ರೋಸ್ಕೋಪ್ ಬೇಕಿಲ್ಲ. ಆದರೆ ಮಸೂರವೇ ಇಲ್ಲದ ಕಣ್ಣು ಬೆಳಕನ್ನು ಒಂದು ಕಡೆ ಸೇರಿಸುವುದು ಹೇಗೆ? ಅದಕ್ಕೇ ಹತ್ತು ಪವರಿನ ಆಚೀಚೆಯ ದಪ್ಪ ಕನ್ನಡಕ. ಅದರಲ್ಲಿ ಎಲ್ಲವೂ ಕಾಲುಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತೆ. ಲೋಟದ ನೀರು ಹೊರಗೆ ಬಿದ್ದದ್ದು ಅದಕ್ಕೆ. ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಬಳೆಯಾಕಾರದ ಜಾಗ ಉಳಿಯುತ್ತೆ. ನಾನು ಧುತ್ತಂತ ಎದುರಾಗುತ್ತಿದ್ದದ್ದು ಅಲ್ಲಿಂದ. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ದರೆ ಎರಡು ಕಣ್ಣಿನ ಚಿತ್ರಗಳು ಒಂದಾಗುವುದೇ ಇಲ್ಲ. ಕನ್ನಡಕ ಒಡೆದರಂತೂ ಮುಗೀತು, ಮತ್ತೆ ಕುರುಡು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಫಿಕ್ಸ್ ಆಗಿದೆ, ಆದ್ರೆ ವರ್ಕ್‌ಅರೌಂಡ್ ಜೊತೆಗೆ.

ಇಷ್ಟಕ್ಕೂ ಇದಕ್ಕೆ ಪರಿಹಾರ ಸಿಕ್ಕಿದ್ದು ಅಜ್ಜಿಯ ಕ್ಯಾಂಪಿಗಿಂತ ಮೂವತ್ತೈದು ವರ್ಷ ಮೊದಲೇ! ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮೇಲ್ಗವಸಿನ ಪರ್ಸ್‌ಪೆಕ್ಸ್ ಚೂರುಗಳು ಹೊಕ್ಕಿರುತ್ತಿದ್ದವು. ಕಬ್ಬಿಣವಾಗಿದ್ದರೆ ಕಣ್ಣು ಕೆರಳಿ ಕೆಂಪಾಗಬೇಕಿತ್ತು. ಈ ಪ್ಲಾಸ್ಟಿಕ್ ಮಾತ್ರ ಒಳಗೆ ತೆಪ್ಪಗೆ ಕೂತಿರುತ್ತಿತ್ತು. ಇದನ್ನು ಗಮನಿಸಿದವರು ಹೆರಾಲ್ಡ್ ರಿಡ್ಲಿ. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ ಕಣ್ಣಿನೊಳಗೆ ಕೂರಿಸಿದರು. ಭೇಷ್ ಅನ್ನಬೇಕಿದ್ದ ಅವರ ಕಾಲದ ದೊಡ್ಡ ದೊಡ್ಡ ನೇತ್ರತಜ್ಞರು ಕೆಂಡಕಾರಿದರು. ಅಮೆರಿಕದ ಎಫ್‌ಡಿಎ ಕಣ್ಣಿನೊಳಗಿನ ಮಸೂರಕ್ಕೆ ಒಪ್ಪಿಗೆ ಕೊಟ್ಟಿದ್ದು 1981ರಲ್ಲಿ. ರಿಡ್ಲಿಗೆ ಸರ್ ಪದವಿ ಸಿಕ್ಕಿದ್ದು 2000ದಲ್ಲಿ, ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ.

ಅಂದ್ರೆ 1984ರಲ್ಲಿ ಮಸೂರ ಜಗತ್ತಿನಲ್ಲಿತ್ತು. ಅಜ್ಜಿಗೆ ಮಾತ್ರ ಇರಲಿಲ್ಲ.

ಈಗ ಮಧುರೈಗೆ ಬರೋಣ. ಗೋವಿಂದಪ್ಪ ವೆಂಕಟಸ್ವಾಮಿ, ಎಲ್ಲರ ಬಾಯಲ್ಲಿ ಡಾ. ವಿ. 1918ರಲ್ಲಿ ತಮಿಳುನಾಡಿನ ವಡಮಲಾಪುರಂ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹೆರಿಗೆಯಲ್ಲಿ ತೀರಿಕೊಂಡ ಬಂಧುಗಳನ್ನು ನೋಡಿ ಹೆರಿಗೆ ವೈದ್ಯನಾಗಬೇಕು ಅಂದುಕೊಂಡಿದ್ದವರು. ಸೈನ್ಯದ ವೈದ್ಯಕೀಯ ದಳದಲ್ಲಿದ್ದಾಗ ಸಂಧಿವಾತ ಹಿಡಿದು ಬೆರಳುಗಳೆಲ್ಲ ಸೊಟ್ಟಗಾದವು, 1948ರಲ್ಲಿ ಹೊರಗೆ ಬಂದರು. ಪೆನ್ನು ಹಿಡಿಯಲೂ ಆಗದ ಮನುಷ್ಯ ಹೆರಿಗೆ ಮಾಡಿಸುವುದು ಹೇಗೆ? ಅದಕ್ಕೆ ಕಣ್ಣಿನ ವಿಭಾಗಕ್ಕೆ ಬಂದರು, ಆ ಸೊಟ್ಟ ಬೆರಳುಗಳಿಗೇ ಕತ್ತಿ ಹಿಡಿಯುವುದನ್ನು ಕಲಿಸಿದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ ಮಧುರೈಯ ಒಂದು ಮನೆಯಲ್ಲಿ 11 ಹಾಸಿಗೆಯ ಆಸ್ಪತ್ರೆ ತೆರೆದರು. ತಂಗಿ ಡಾ. ನಾಚ್ಚಿಯಾರ್, ಭಾವ ಡಾ. ನಂಪೆರುಮಾಳ್‌ಸಾಮಿ, ತಮ್ಮ ಶ್ರೀನಿವಾಸನ್ ಹೀಗೆ ಮನೆಮಂದಿಯೆಲ್ಲ ಕೈಜೋಡಿಸಿದರು. ಬ್ಯಾಂಕುಗಳು ನಂಬಲಿಲ್ಲ, ಮನೆ ಅಡವಿಟ್ಟರು, ಒಡವೆಗಳೂ ಹೋದವು.

ಆಸ್ಪತ್ರೆಯ ಹೆಸರು ಅರವಿಂದ್. ಪಾಂಡಿಚೇರಿಯ ಶ್ರೀ ಅರವಿಂದರ ಹೆಸರೇ ಅದು, ಡಾ. ವಿ ಅವರ ಮತ್ತು ಶ್ರೀಮಾತೆಯವರ ಅನುಯಾಯಿ.

ಇಲ್ಲಿ ನಾನು ಸ್ವಲ್ಪ ಹುಬ್ಬೇರಿಸಿದೆ. ಬಿಸಿನೆಸ್ಸಿನಲ್ಲಿ ಆಧ್ಯಾತ್ಮ ಅಂದ್ರೆ ನನಗೆ ಆಗಿಬರಲ್ಲ. ನಾನು ಮೊದಲು ಕೆಲಸಕ್ಕಿದ್ದ ಕಡೆ, ರಿಲೀಸಿನ ಒತ್ತಡದಲ್ಲಿ ಎರಡು ವಾರ ಸರಿಯಾಗಿ ನಿದ್ದೆ ಮಾಡದ ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ, ಬಿಳಿ ಬಟ್ಟೆಯ ಒಬ್ಬರ ಹತ್ತಿರ 'ಫಲಾಪೇಕ್ಷೆಯಿಲ್ಲದ ಕರ್ಮ' ಹೇಳಿಸಿದ್ದರು. ಆ ವರ್ಷ ಇಂಕ್ರಿಮೆಂಟ್ ಕೊಡಲಿಲ್ಲ. ಫಲಾಪೇಕ್ಷೆ ಯಾರಿಗೆ ಇರಬಾರದು ಅಂತ ಆಗ ಅರ್ಥವಾಯ್ತು :-)

ಡಾ. ವಿ ಅವರದ್ದು ಬೇರೆ ಬಗೆ. ಅರವಿಂದರ ಯೋಗದಲ್ಲಿ ಲೋಕ ಬಿಟ್ಟು ಗುಹೆ ಸೇರುವುದಿಲ್ಲ. ಮಾಡುವ ಕೆಲಸವೇ ಅರ್ಪಣೆ, ಅದನ್ನು ಮಾಡುತ್ತಲೇ ಮನುಷ್ಯ ಬದಲಾಗಬೇಕು. ಕಾಯಕ, ದಾಸೋಹ ಅಂತ ಕೇಳಿ ಬೆಳೆದ ನಮಗೆ ಇದು ತೀರಾ ಹೊಸದೇನಲ್ಲ. ವಿಶೇಷ ಏನು ಅಂದ್ರೆ ಅದೇ ಮನುಷ್ಯ ಮ್ಯಾಕ್‌ಡೊನಾಲ್ಡ್ಸ್ ನೋಡಿ ಬೆರಗಾಗಿದ್ದರು! ಬರ್ಗರನ್ನು ಲೋಕದ ಮೂಲೆಮೂಲೆಗೂ ಒಂದೇ ಗುಣಮಟ್ಟದಲ್ಲಿ ತಲುಪಿಸಬಹುದಾದರೆ ಕಣ್ಣನ್ನು ಯಾಕಾಗಬಾರದು ಅನ್ನೋದು ಅವರ ಪ್ರಶ್ನೆ. ಬೆಳಗ್ಗೆ ಧ್ಯಾನ, ಆಮೇಲೆ ಅಸೆಂಬ್ಲಿ ಲೈನ್. ಒಬ್ಬ ಸರ್ಜನ್‌ಗೆ ಎರಡು ಮೇಜು. ಒಂದರಲ್ಲಿ ಆಪರೇಷನ್ ನಡೆಯುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ, ಮೈಕ್ರೋಸ್ಕೋಪ್ ಈ ಕಡೆಯಿಂದ ಆ ಕಡೆಗೆ ತಿರುಗುತ್ತೆ ಅಷ್ಟೇ. ಪರೀಕ್ಷೆ, ಸಿದ್ಧತೆ, ಆರೈಕೆಯ ಬಹುಪಾಲು ಎರಡು ವರ್ಷ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳ ಕೈಯಲ್ಲಿ. ವೈದ್ಯರು ವೈದ್ಯರು ಮಾತ್ರ ಮಾಡಬಹುದಾದ ಕೆಲಸವನ್ನಷ್ಟೇ ಮಾಡುತ್ತಾರೆ. ಅಲ್ಲಿನ ಒಬ್ಬ ಸರ್ಜನ್ ವರ್ಷಕ್ಕೆ 2000ದ ಆಸುಪಾಸು ಶಸ್ತ್ರಚಿಕಿತ್ಸೆ ಮಾಡುವುದು ಹೀಗೆ.

ದುಡ್ಡಿನ ಕಥೆ ಇನ್ನೂ ಚೆನ್ನಾಗಿದೆ. ಕೊಡಬಲ್ಲವರು ಕೊಡುತ್ತಾರೆ, ಉಳಿದವರು ಪುಕ್ಕಟೆಯಾಗಿ ಅಥವಾ ಅಲ್ಪಸ್ವಲ್ಪ ಕೊಟ್ಟು ಮಾಡಿಸಿಕೊಳ್ಳುತ್ತಾರೆ. ರೇಷನ್ ಕಾರ್ಡ್ ತೋರಿಸು, ಆದಾಯ ಪ್ರಮಾಣಪತ್ರ ತಾ ಅನ್ನೋದಿಲ್ಲ, ಯಾವ ಬಾಗಿಲಿಂದ ಒಳಗೆ ಹೋಗಬೇಕು ಅಂತ ರೋಗಿಯೇ ತೀರ್ಮಾನಿಸುತ್ತಾನೆ. ಕೋಣೆ, ಹಾಸಿಗೆಯಲ್ಲಿ ವ್ಯತ್ಯಾಸ ಇರುತ್ತೆ. ವೈದ್ಯರು ಮಾತ್ರ ಎರಡೂ ಕಡೆ ಸರದಿಯಲ್ಲಿ ಕೆಲಸ ಮಾಡುತ್ತಾರೆ. ಅರ್ಧಕ್ಕೂ ಹೆಚ್ಚು ರೋಗಿಗಳು ಪುಕ್ಕಟೆ ಅಥವಾ ರಿಯಾಯಿತಿಯವರಾದರೂ ನಡೆಸುವ ಖರ್ಚು ಕಳೆದು ಹಣ ಉಳಿಯುತ್ತೆ! ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿ. ಕಸ್ತೂರಿ ರಂಗನ್ 1993ರಲ್ಲಿ ಇದರ ಬಗ್ಗೆ ಬರೆದ ಕೇಸ್ ಸ್ಟಡಿಯನ್ನು ಎಂಬಿಎ ಹುಡುಗರು ಪಾಠವಾಗಿ ಓದಿದ್ದಾರೆ; 2004ರಲ್ಲಿ ಸಿ.ಕೆ. ಪ್ರಹ್ಲಾದ್ ಬಡವರ ಮಾರುಕಟ್ಟೆಯ ಬಗೆಗಿನ ತಮ್ಮ ಪುಸ್ತಕದಲ್ಲೂ ಸೇರಿಸಿಕೊಂಡರು.

ಆದರೆ ಇಷ್ಟೆಲ್ಲ ಆದರೂ ಮಸೂರದ ಗೋಡೆ ಹಾಗೇ ಇತ್ತು. ಆಮದು ಮಸೂರ ಒಂದಕ್ಕೆ ನೂರು ಡಾಲರಿನ ಆಚೀಚೆ. ದುಡ್ಡು ಕೊಡುವವರಿಗೆ ಮಸೂರ, ಪುಕ್ಕಟೆಯವರಿಗೆ ಸೋಡಾಬುಡ್ಡಿ. ಅಂತರರಾಷ್ಟ್ರೀಯ ಸಂಸ್ಥೆಗಳ ತಜ್ಞರಲ್ಲೇ ಹಲವರು ಬಡ ದೇಶಗಳಿಗೆ ಮಸೂರ ಸೂಕ್ತವಲ್ಲ ಅನ್ನುತ್ತಿದ್ದರು. ಅವರನ್ನು ಸುಮ್ಮನೆ ಖಳನಾಯಕರು ಮಾಡುವುದು ಸುಲಭ. ಆದರೆ ಲೆಕ್ಕ ನೋಡಿ: ಒಂದು ಮಸೂರದ ದುಡ್ಡಿನಲ್ಲಿ ಹಲವು ಮಂದಿಗೆ ಹಳೇ ಶಸ್ತ್ರಚಿಕಿತ್ಸೆ ಮಾಡಬಹುದು, ಸಾಲಿನಲ್ಲಿ ಲಕ್ಷಾಂತರ ಕುರುಡರು ನಿಂತಿದ್ದಾರೆ. ಮಸೂರಕ್ಕೆ ಮೈಕ್ರೋಸ್ಕೋಪ್ ಬೇಕು, ಹೊಸ ತರಬೇತಿ ಬೇಕು, ಚೀಲವನ್ನು ಉಳಿಸಿಕೊಂಡು ತೆಗೆಯುವ ಕೌಶಲ ಬೇಕು. ಆ ಬೆಲೆಗೆ ಅವರ ಮಾತು ಸರಿಯೇ ಇತ್ತು. ಮಧುರೈಯವರು ಜಗಳಾಡಿದ್ದು ಆ ಬೆಲೆಯ ಜೊತೆ.

1978ರಲ್ಲಿ ಅಮೆರಿಕದಲ್ಲಿ ಸೇವಾ ಫೌಂಡೇಶನ್ ಹುಟ್ಟಿಕೊಂಡಾಗ ಡಾ. ವಿ ಕೂಡ ಅದರ ಜೊತೆಗಿದ್ದರು. ಅದೊಂದು ವಿಚಿತ್ರ ಗುಂಪು. ಸಿಡುಬು ನಿರ್ಮೂಲನೆಗೆ ಭಾರತದಲ್ಲಿ ದುಡಿದ ಲ್ಯಾರಿ ಬ್ರಿಲಿಯಂಟ್, ರಾಮ್ ದಾಸ್ ಇವರೆಲ್ಲ ನೀಮ್ ಕರೋಲಿ ಬಾಬಾ ಭಕ್ತರು. ಆರಂಭದಲ್ಲಿ ಸ್ಟೀವ್ ಜಾಬ್ಸ್ ಕೂಡ ಹಣ ಮತ್ತು ಒಂದು ಆಪಲ್ ಕಂಪ್ಯೂಟರ್ ಕೊಟ್ಟಿದ್ದನಂತೆ (ನಮ್ಮವನೂ ಒಬ್ಬ ಇದ್ದಾನೆ ಅಂತ ಖುಷಿಯಾಯ್ತು). ಈ ಬಳಗದ ಡೇವಿಡ್ ಗ್ರೀನ್ ಮೊದಲು ಮಸೂರಗಳನ್ನು ದಾನ ಪಡೆದು ಕಳಿಸುತ್ತಿದ್ದರು. ದಾನದ ನೀರು ಯಾವತ್ತು ಬತ್ತುತ್ತೋ ಹೇಳಕ್ಕಾಗಲ್ಲ. ನಾವೇ ಮಾಡೋಣ ಅಂತ ಹೊರಟರು. ಅಮೆರಿಕದ ಒಂದು ಸಣ್ಣ ಕಂಪನಿಯಿಂದ ತಂತ್ರಜ್ಞಾನ ಪಡೆದು 1992ರಲ್ಲಿ ಅರೋಲ್ಯಾಬ್ ಶುರುವಾಯ್ತು. ಇದರ ನೇತೃತ್ವ ವಹಿಸಿದವರಲ್ಲಿ ಅಮೆರಿಕದಲ್ಲಿ ಓದಿದ ಎಂಜಿನಿಯರ್ ಬಾಲಕೃಷ್ಣನ್ ಒಬ್ಬರು. ಪ್ಲಾಸ್ಟಿಕ್ಕನ್ನು ಲೇತ್‌ನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಕೊರೆದು, ಉಜ್ಜಿ ನುಣುಪು ಮಾಡುವ ಕೆಲಸ. ಇಲ್ಲೂ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳೇ. ಬೆಲೆ ಹತ್ತು ಡಾಲರಿನ ಆಸುಪಾಸಿಗೆ ಬಂತು, ಮುಂದೆ ಎರಡು-ಮೂರು ಡಾಲರಿಗೂ ಇಳಿಯಿತು. ನೂರಕ್ಕೂ ಹೆಚ್ಚು ದೇಶಗಳಿಗೆ ಹೋಯಿತು.

ಅಗ್ಗ ಆಯ್ತು, ಸರಿ. ಆದರೆ ಬಡವರ ಕಣ್ಣಿಗೆ, ಇಷ್ಟು ರಭಸದಲ್ಲಿ ಹಾಕಿದರೆ ಕ್ಷೇಮವೇ? ಈ ಪ್ರಶ್ನೆಗೆ ಬರೀ ಭಕ್ತಿಯಿಂದ ಉತ್ತರ ಸಿಗಲ್ಲ. ಇದೇ ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ. ಅಲ್ಲೇ 3400 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೇ ಶಸ್ತ್ರಚಿಕಿತ್ಸೆ ಮತ್ತು ಕನ್ನಡಕ, ಇನ್ನೊಂದಕ್ಕೆ ಮಸೂರ ಕೊಟ್ಟು ವರ್ಷವಿಡೀ ಹಿಂಬಾಲಿಸಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯ್ತು. ಮಸೂರದವರೇ ಮುಂದೆ. ಬರೀ ಗೋಡೆಯ ಮೇಲಿನ ಅಕ್ಷರ ಓದಿಸಿ ಬಿಡಲಿಲ್ಲ. ಓಡಾಟ ಹೇಗೆ, ಮನೆಕೆಲಸ ಹೇಗೆ, ಮನಸ್ಸು ಹೇಗಿದೆ ಅಂತಲೂ ಕೇಳಿದ್ದರು. ಅಂದ್ರೆ ಲೋಟದ ನೀರಿನ ಲೆಕ್ಕ ಕೊನೆಗೂ ಯಾರೋ ಬರೆದಿಟ್ಟರು.

ಇನ್ನೊಂದು ಅಧ್ಯಯನ ಅವರ ಮುಖಕ್ಕೇ ಹೊಡೆಯಿತು. ಕ್ಯಾಂಪ್ ನಡೆದ ಹಳ್ಳಿಗಳಲ್ಲಿ ಕಣ್ಣಿನ ತೊಂದರೆ ಇದ್ದವರ ಪೈಕಿ ಎಷ್ಟು ಜನ ಕ್ಯಾಂಪಿಗೆ ಬಂದಿದ್ದರು ಗೊತ್ತಾ? ಶೇಕಡ 7ರಷ್ಟು. 1999ರಲ್ಲಿ ಪ್ರಕಟವಾದ ಲೆಕ್ಕ ಇದು. ಪುಕ್ಕಟೆ ಅಂದ್ರೂ ಬಸ್ ಚಾರ್ಜ್ ಇದೆ, ಜೊತೆಗೆ ಬರುವವನ ಕೂಲಿ ಹೋಗುತ್ತೆ, ಭಯ ಇದೆ. ಮುಂದೆ ಊರುಗಳಲ್ಲೇ ಶಾಶ್ವತವಾಗಿ ಸಣ್ಣ ದೃಷ್ಟಿ ಕೇಂದ್ರಗಳನ್ನು ತೆರೆದು, ಅಲ್ಲಿಂದ ವೈದ್ಯರ ಜೊತೆ ಇಂಟರ್ನೆಟ್ ಮೂಲಕ ಮಾತಾಡಿಸುವ ವ್ಯವಸ್ಥೆ ಮಾಡಿದರು. ಅಂಥವು ಈಗ ನೂರಕ್ಕೂ ಹೆಚ್ಚಿವೆ.

ಡಾ. ವಿ 2006ರಲ್ಲಿ ತೀರಿಕೊಂಡರು. ಸಂಶೋಧನೆ ನಿಲ್ಲಲಿಲ್ಲ. 2017ರಲ್ಲಿ ಕ್ಯಾಸಾಂಡ್ರಾ ಥೀಲ್ ಮತ್ತು ಸಂಗಡಿಗರು ಅಲ್ಲಿನ ಕಸವನ್ನು ಅಕ್ಷರಶಃ ತೂಗಿ ನೋಡಿದರು. ಯಂತ್ರದಿಂದ ಪೊರೆ ಕರಗಿಸುವ ಒಂದು ಶಸ್ತ್ರಚಿಕಿತ್ಸೆಗೆ ಸುಮಾರು 6 ಕೆಜಿ ಇಂಗಾಲದ ಹೊರೆ. ಬ್ರಿಟನ್ನಿನಲ್ಲಿ ಅದೇ ಕೆಲಸಕ್ಕೆ ಆಗುವುದರ ಶೇಕಡ 5ರಷ್ಟು ಮಾತ್ರ. ಉಪಕರಣಗಳನ್ನು ಶುದ್ಧೀಕರಿಸಿ ಮತ್ತೆ ಬಳಸುವುದು, ಬೇಡದ್ದನ್ನು ಬಿಚ್ಚಿ ಎಸೆಯದಿರುವುದು, ಅಷ್ಟೇ ಗುಟ್ಟು. ಹಾಗಾದ್ರೆ ಸೋಂಕು? ಅದೇ ವರ್ಷ ಅಲ್ಲಿನವರೇ ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ದಾಖಲೆ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೆ ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧಿ ಹಾಕಲು ಶುರುಮಾಡಿದ ಮೇಲೆ ಗಂಭೀರ ಸೋಂಕು ಶೇಕಡ 0.07ರಿಂದ 0.02ಕ್ಕೆ ಇಳಿದಿತ್ತು. ಇದನ್ನು ಓದುವಾಗ ಅಜ್ಜಿ ನೆನಪಾದಳು. ಹಾಲಿನ ಕವರ್ ತೊಳೆದು ಒಣಗಿಸಿಡ್ತಿದ್ದಳು.

ಎಲ್ಲ ಹೊಗಳಿ ಮುಗಿಸಿಬಿಟ್ಟರೆ ಸರಿಯಾಗಲ್ಲ. ಒಂದು ಮುಳ್ಳು ನನ್ನಲ್ಲಿ ಇನ್ನೂ ಉಳಿದಿದೆ. ಆ ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಕೆಲಸವೇ ಅರ್ಪಣೆ ಅನ್ನುವ ಮಾತು ಡಾ. ವಿ ಬಾಯಲ್ಲಿ ಬಂದಾಗ ನಂಬುತ್ತೇನೆ, ಅವರು ಸ್ವಂತ ಮನೆ ಅಡವಿಟ್ಟವರು. ಅದೇ ಮಾತನ್ನು ಬೇರೆಯವರು ಎರವಲು ಪಡೆದಾಗ ಅದು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಆ ಸಭಾಂಗಣದಲ್ಲಿ ಕೂತು ನೋಡಿದ್ದೇನಲ್ಲ.

ಅಮ್ಮನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಆಪರೇಷನ್‌ಗೆ ಮುಂಚೆ ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಮುಂದಿಟ್ಟರು. ಮೊಬೈಲ್ ಪ್ಲಾನ್ ಥರ ನಾಲ್ಕು ಮಸೂರಗಳು, ನಾಲ್ಕು ಬೆಲೆಗಳು. ಕೆಳಗಿನ ಸಾಲಿಗೆ ಬೆರಳಿಟ್ಟು "ಇದು ಹೇಗೆ?" ಅಂತ ಕೇಳಿದೆ. "ಅದು ಇಂಡಿಯನ್ ಸರ್, ಸ್ಕೀಮ್ ಪೇಶೆಂಟ್ಸ್‌ಗೆ ಕೊಡೋದು" ಅಂದ ಕೌಂಟರಿನ ಹುಡುಗ, ದನಿ ತಗ್ಗಿಸಿ. ಅಮ್ಮ "ಅದೇ ಸಾಕು ಬಿಡೋ" ಅಂತ ನನ್ನ ತೋಳು ಜಗ್ಗಿದಳು. ಆಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಮೂರನೇ ಸಾಲಿನ ಅಮೆರಿಕನ್ ಮಸೂರಕ್ಕೆ ಕಾರ್ಡ್ ಉಜ್ಜಿ ಬಂದೆ.