ಚೆನ್ (ಚೀನೀ ಕುಲನಾಮ)

ಚೆನ್: ಚೀನೀಯರಲ್ಲಿ ಬಹು ಬಳಕೆಯಲ್ಲಿರುವ ಕುಲನಾಮ. ಚೀನಾದಲ್ಲಿ ವಾಂಗ್, ಲೀ, ಜಾಂಗ್, ಲ್ಯೂ ಆದಮೇಲೆ ಐದನೆಯ ಸ್ಥಾನ ಇದರದು. ತೈವಾನಿನಲ್ಲಿ ಇದೇ ಮೊದಲು. ಚೀನೀ ಪದ್ಧತಿಯಂತೆ ಕುಲನಾಮ ಮುಂದೆ, ವ್ಯಕ್ತಿಯ ಹೆಸರು ಅದರ ಹಿಂದೆ ಬರುತ್ತದೆ.

ಈ ಹೆಸರಿನ ಬೇರು ಇರುವುದು ಅಳಿದುಹೋದ ಒಂದು ಪುಟ್ಟ ರಾಜ್ಯದಲ್ಲಿ. ಕ್ರಿ.ಪೂ. 11ನೆಯ ಶತಮಾನದಲ್ಲಿ ಶಾಂಗ್ ಅರಸರನ್ನು ಸೋಲಿಸಿದ ಜೋ ವಂಶದ ದೊರೆ ವೂ, ಪುರಾಣಪುರುಷ ಶುನ್ ಚಕ್ರವರ್ತಿಯ ಸಂತತಿಯವರನ್ನು ಹುಡುಕಿಸಿದನಂತೆ. ಸಿಕ್ಕವನು ಗ್ವೇ ಮಾನ್. ವೂ ಅವನಿಗೆ ತನ್ನ ಮಗಳನ್ನು ಕೊಟ್ಟು, ಚೆನ್ ಸೀಮೆಯನ್ನೂ ವಹಿಸಿ, ಶುನ್‌ನಿಗೆ ಸಲ್ಲಬೇಕಾದ ಪಿತೃಪೂಜೆ ತಪ್ಪದಂತೆ ನೋಡಿಕೊಂಡನೆಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಇಂದಿನ ಹೆನಾನ್ ಪ್ರಾಂತ್ಯದ ಹ್ವಾಯ್‌ಯಾಂಗ್ ಆ ರಾಜ್ಯದ ನೆಲ. ಕ್ರಿ.ಪೂ. 5ನೆಯ ಶತಮಾನದಲ್ಲಿ ದಕ್ಷಿಣದ ಚೂ ರಾಜ್ಯ ಅದನ್ನು ನುಂಗಿತು. ರಾಜ್ಯ ಹೋಯಿತು, ಚದುರಿಹೋದವರು ಅದರ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತುಕೊಂಡು ನಡೆದರು. ಅದಕ್ಕೂ ಮೊದಲೇ, ಕ್ರಿ.ಪೂ. 672ರಲ್ಲಿ, ಚೆನ್ ವಾನ್ ಎಂಬ ರಾಜಕುಮಾರ ಚೀ ರಾಜ್ಯಕ್ಕೆ ಓಡಿಹೋಗಿ ಆಶ್ರಯ ಪಡೆದಿದ್ದ. ಅವನ ವಂಶದವರು ತಿಯಾನ್ ಎಂದು ಹೆಸರಾಗಿ, ಮುಂದೆ ಆಶ್ರಯ ಕೊಟ್ಟ ರಾಜ್ಯದ ಸಿಂಹಾಸನವನ್ನೇ ಏರಿದರು.

ಪದವಾಗಿ 'ಚೆನ್' ಎಂದರೆ ಸಾಲಾಗಿ ಜೋಡಿಸಿಡು. ಹಳೆಯದು, ಮಾಗಿದ್ದು ಎಂಬ ಅರ್ಥವೂ ಉಂಟು. ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ವರ್ಷಗಟ್ಟಲೆ ಇಟ್ಟಾಗ ಕಂದುಬಣ್ಣಕ್ಕೆ ತಿರುಗಿ ಗಾಢ ಪರಿಮಳ ಬರುತ್ತದೆ. ಅಡುಗೆಗೂ ಔಷಧಕ್ಕೂ ಬಳಸುವ ಆ 'ಚೆನ್‌ಪಿ'ಯಲ್ಲಿರುವುದು ಇದೇ ಅಕ್ಷರ. ಆದರೆ ಕುಲನಾಮಕ್ಕೆ ಬಂದದ್ದು ಈ ಅರ್ಥಗಳಲ್ಲ, ಊರಿನ ನೆನಪು. ಒಂದೇ ಬಗೆಯಾಗಿ ಕೇಳಿಸುವ ಹೆಸರುಗಳು ಚೀನೀ ಭಾಷೆಯಲ್ಲಿ ಹೇರಳ. ಹಾಗಾಗಿ ಹೆಸರು ಹೇಳುವಾಗ 'ಕಿವಿ, ಪೂರ್ವ, ಚೆನ್' ಎಂದು ಅಕ್ಷರವನ್ನು ಬಿಡಿಸಿ ಹೇಳುವುದು ರೂಢಿ. ಬಲಭಾಗ 'ಪೂರ್ವ' ಎಂಬ ಅಕ್ಷರವೇ ಸರಿ. ಎಡಭಾಗ ಕಿವಿಯಂತೆ ಕಂಡರೂ ಮೂಲದಲ್ಲಿ ಅದು ಮಣ್ಣಿನ ದಿಬ್ಬದ ಗುರುತು.

ಕ್ರಿ.ಶ. 557ರಲ್ಲಿ ಚೆನ್ ಬಾಶಿಯಾನ್ ಎಂಬ ಸೇನಾನಿ ಇಂದಿನ ನಾನ್‌ಜಿಂಗ್‌ನಲ್ಲಿ ಪಟ್ಟವೇರಿ, ತನ್ನ ಕುಲನಾಮವನ್ನೇ ರಾಜವಂಶಕ್ಕೂ ಇಟ್ಟ. 589ರಲ್ಲಿ ಸ್ವೇ ರಾಜವಂಶದ ಸೇನೆ ಅದನ್ನು ಕೊನೆಗಾಣಿಸಿತು. ವಿಯೆಟ್ನಾಮಿನಲ್ಲಿ ಈ ಅಕ್ಷರದ ಉಚ್ಚಾರ 'ಚಾನ್'ಗೆ ಹತ್ತಿರ; ಅಲ್ಲಿ ಇದೇ ಹೆಸರಿನ ವಂಶ 1225ರಿಂದ 1400ರವರೆಗೆ ಆಳಿ, ಮಂಗೋಲರ ದಾಳಿಗಳನ್ನು ಹಿಮ್ಮೆಟ್ಟಿಸಿತು.

ಫೂಜಿಯಾನ್, ಗ್ವಾಂಗ್‌ಡಾಂಗ್ ಕರಾವಳಿಯಿಂದ ಹಡಗು ಹತ್ತಿದವರೊಂದಿಗೆ ಹೆಸರಿನ ರೂಪಗಳೂ ಅವರವರ ಚೀನೀ ನುಡಿಯಂತೆ ಬೇರೆಯಾದವು: ಕ್ಯಾಂಟನೀಸ್‌ನಲ್ಲಿ ಚಾನ್, ಹೊಕ್ಕಿಯೆನ್‌ನಲ್ಲಿ ತಾನ್, ಹಕ್ಕಾದಲ್ಲಿ ಚಿನ್. ಸಿಂಗಪುರದ ತಾನ್‌ಗಳೂ ಹಾಂಗ್‌ಕಾಂಗಿನ ಚಾನ್‌ಗಳೂ ಸಾಮಾನ್ಯವಾಗಿ ಬರೆಯುವುದು ಒಂದೇ ಅಕ್ಷರ. ಹಾಗೆಂದು ಕಿವಿಯನ್ನಷ್ಟೇ ನಂಬುವಂತಿಲ್ಲ: ಶಾಂತಿನಿಕೇತನದಲ್ಲಿ 1937ರಲ್ಲಿ ಆರಂಭವಾದ ಚೀನಾ ಭವನವನ್ನು ಕಟ್ಟಿ ಬೆಳೆಸಿದ ವಿದ್ವಾಂಸ ತಾನ್ ಯುನ್‌ಶಾನ್ ಅವರ 'ತಾನ್' ಬೇರೆಯೇ ಅಕ್ಷರ, ಬೇರೆಯೇ ಕುಲ.