ವಿಮೆಯ ತಕ್ಕಡಿ, ಕಂಡಕ್ಟರನ ಮೆಟ್ಟಿಲು

ನಡುವಯಸ್ಸಿನವರನ್ನು ಆರೋಗ್ಯ ಸುಧಾರಿಸಿತೇ ಎಂದು ಕೇಳಿದರೆ ಉತ್ತರ ಬರುವುದು ಬಹುಮಟ್ಟಿಗೆ ಕಿಲೋ ಲೆಕ್ಕದಲ್ಲಿ. ಎರಡು ಕಿಲೋ ಇಳಿದರೆ ಸಂತೋಷ. ಮೂರು ತಿಂಗಳು ಬೆಳಿಗ್ಗೆ ಬೆಳಿಗ್ಗೆ ನಡೆದರೂ ಮುಳ್ಳು ಕದಲದಿದ್ದರೆ ನಡಿಗೆಯನ್ನೇ ಬಿಟ್ಟುಬಿಡುವವರು ಎಷ್ಟೋ ಮಂದಿ. ವೈದ್ಯಶಾಸ್ತ್ರವು ಹತ್ತಾರು ಅಳತೆಗಳನ್ನು ಒರೆಗೆ ಹಚ್ಚಿ, ಇದೇ ಎಲ್ಲಕ್ಕಿಂತ ಮೇಲು ಎಂದು ತೂಕವನ್ನು ಆರಿಸಿಕೊಂಡಿರಬೇಕು ಎಂದು ನಾವು ನಂಬಿದ್ದೇವೆ. ನಡೆದದ್ದು ಹಾಗಲ್ಲ. ತೂಕಕ್ಕೆ ಈ ಪಟ್ಟ ಬಂದದ್ದರಲ್ಲಿ ಜೀವವಿಮಾ ಕಂಪನಿಗಳ ಅನುಕೂಲದ ಪಾಲು ದೊಡ್ಡದು. ಮೈ ಎಷ್ಟು ಭಾರವಿದೆ ಎನ್ನುವುದರ ಬದಲು ಮೈ ಏನು ಮಾಡಬಲ್ಲದು ಎಂದು ಅಳೆಯುವ ದಾರಿಗಳು ಆಗಲೂ ಇದ್ದವು. ಅವನ್ನು ಬದಿಗಿಟ್ಟದ್ದರಿಂದ ಆದ ನಷ್ಟ, ನಲವತ್ತರಿಂದ ಅರವತ್ತರ ನಡುವಿನವರಿಗೇ ಹೆಚ್ಚು.

ಎತ್ತರದ ವರ್ಗಕ್ಕೆ ಅನುಗುಣವಾಗಿ ವಯಸ್ಕರ ತೂಕ ಏರುತ್ತದೆ ಎಂದು 1835ರಲ್ಲಿ ತೋರಿಸಿದ ಬೆಲ್ಜಿಯಮಿನ ಅಡಾಲ್ಫ್ ಕೆಟ್ಲೆ ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. ಸಮಾಜದ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂಬುದು ಅವನ ಕುತೂಹಲ. ಯಾರ ಕಾಯಿಲೆಯನ್ನೂ ಅವನು ಅಳೆಯಲು ಹೊರಟಿರಲಿಲ್ಲ. ಹನ್ನೊಂದು ವರ್ಷಗಳ ನಂತರ, 1846ರಲ್ಲಿ, ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಇನ್ನೊಂದು ದಾರಿ ತೋರಿಸಿದ. ನೀರಿನಲ್ಲಿ ಬೋರಲಾಗಿಟ್ಟ ಪಾತ್ರೆ, ಅದಕ್ಕೊಂದು ಕೊಳವೆ. ಎದೆ ತುಂಬ ಉಸಿರೆಳೆದುಕೊಂಡು ಕೊಳವೆಯಲ್ಲಿ ಪೂರ್ತಿ ಊದಿದರೆ ಪಾತ್ರೆ ಮೇಲೇಳುತ್ತದೆ. ಎಷ್ಟು ಎದ್ದಿತೋ ಅಷ್ಟು ಶ್ವಾಸಕೋಶದ ಶಕ್ತಿ. ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಕುಸ್ತಿಯಾಳುಗಳು, ಕಡುಬಡವರು ಹೀಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಅವನು ಊದಿಸಿದ. ಈ ಶಕ್ತಿ ವಯಸ್ಸಿನೊಂದಿಗೆ ಕುಗ್ಗುವುದನ್ನೂ ರೋಗ ಹೊರಗೆ ಕಾಣುವ ಮೊದಲೇ ಇದು ಸುಳಿವು ಕೊಡುವುದನ್ನೂ ಗಮನಿಸಿ, ವಿಮಾ ಕಂಪನಿಗಳು ಇದನ್ನು ಬಳಸಲಿ ಎಂದು ಬಯಸಿದ. ಬಳಕೆ ಬೇರೂರಲಿಲ್ಲ. ಉಪಕರಣ ಬೇಕು, ಊದುವವನ ಸಹಕಾರ ಬೇಕು, ಅಳೆಯುವವನಿಗೆ ತಾಳ್ಮೆ ಬೇಕು. ತೂಕಕ್ಕೆ ತಕ್ಕಡಿಯೊಂದು ಸಾಕು. ಅದೂ ಇಲ್ಲದಿದ್ದರೆ ಅರ್ಜಿದಾರನ ಬಾಯಿಮಾತೂ ನಡೆಯುತ್ತಿತ್ತು. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿ 1942ರಲ್ಲಿ ಹೆಂಗಸರಿಗೂ 1943ರಲ್ಲಿ ಗಂಡಸರಿಗೂ 'ಆದರ್ಶ ತೂಕ'ದ ಪಟ್ಟಿ ಹೊರಡಿಸಿತು. ಅದರ ಹಿಂದೆ ಇದ್ದವನು ಕಂಪನಿಯ ಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್. ಬಟ್ಟೆ, ಬೂಟು ಸಮೇತವಾದ ತೂಕ ಅದು. ಮೈಕಟ್ಟು ಸಣ್ಣದೋ ಮಧ್ಯಮವೋ ದೊಡ್ಡದೋ ಎಂದು ಮೂರು ಸಾಲು ಇದ್ದವು, ಆದರೆ ಯಾರದು ಯಾವ ಕಟ್ಟು ಎಂದು ಅಳೆದು ಹೇಳುವ ವಿಧಾನವೇ ಇರಲಿಲ್ಲ. ಆ ಪಟ್ಟಿ ವೈದ್ಯರ ಗೋಡೆಯೇರಿತು.

ಕಂಪನಿಯನ್ನು ದೂರುವುದು ನ್ಯಾಯವಲ್ಲ. ರಕ್ತದೊತ್ತಡ ಅಳೆಯುವುದನ್ನು ಅನೇಕ ವೈದ್ಯರಿಗಿಂತ ಮುಂಚೆ ರೂಢಿಗೆ ತಂದವರೂ ವಿಮಾ ಕಂಪನಿಗಳ ವೈದ್ಯರೇ. ಆದರೆ ಕಂಪನಿ ಕೇಳಿದ ಪ್ರಶ್ನೆ ಬೇರೆ, ನಮ್ಮ ಪ್ರಶ್ನೆ ಬೇರೆ. ಲಕ್ಷಾಂತರ ಪಾಲಿಸಿದಾರರಲ್ಲಿ ಯಾವ ಗುಂಪಿನಿಂದ ಹೆಚ್ಚು ಕಂತು ವಸೂಲು ಮಾಡಬೇಕು ಎಂಬುದು ಅವರ ಪ್ರಶ್ನೆ. ಅದಕ್ಕೆ ತೂಕ ಸಾಲುತ್ತದೆ. ಒಬ್ಬ ಮನುಷ್ಯ ಹೋದ ವರ್ಷಕ್ಕಿಂತ ಈ ವರ್ಷ ಗಟ್ಟಿಯಾದನೇ ಎಂಬ ಪ್ರಶ್ನೆಗೆ ಅದೇ ಸಂಖ್ಯೆ ಮೂಕವಾಗುತ್ತದೆ. ಸ್ನಾಯು, ಕೊಬ್ಬು, ಮೂಳೆ, ನೀರು ಎಲ್ಲವನ್ನೂ ತಕ್ಕಡಿ ಕೂಡಿಸಿ ಒಂದೇ ಅಂಕಿ ಮಾಡುತ್ತದೆ. ನಡುವಯಸ್ಸಿನಲ್ಲಿ ಸ್ನಾಯು ಕರಗುತ್ತಾ ಕೊಬ್ಬು ಕೂಡುತ್ತಾ ಹೋಗುವುದರಿಂದ ಒಂದು ಇನ್ನೊಂದನ್ನು ಮುಚ್ಚಿಹಾಕಬಹುದು. ಹತ್ತು ವರ್ಷ ತೂಕ ಒಂದೇ ಇದ್ದರೂ ಒಳಗಿನ ಮನುಷ್ಯ ಬದಲಾಗಿರುತ್ತಾನೆ. ವ್ಯಾಯಾಮ ಶುರು ಮಾಡಿದವರಲ್ಲಿ ಇದೇ ತಿರುಗುಮುರುಗಾಗಿ ನಡೆದರೂ ಮುಳ್ಳಿಗೆ ಅದು ತಿಳಿಯುವುದಿಲ್ಲ.

ತೂಕದ ಪಟ್ಟಿಗಳು ಮೆರೆಯುತ್ತಿದ್ದ ಕಾಲದಲ್ಲೇ ಲಂಡನ್ನಿನ ಬಸ್ ಡಿಪೋಗಳಿಂದ ಬೇರೊಂದು ಸಾಕ್ಷ್ಯ ಬಂತು. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 35ರಿಂದ 64 ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ಹೃದ್ರೋಗದ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಪಾಳಿಯ ಬಹುಪಾಲು ಕೂತೇ ಕಳೆಯುತ್ತಿದ್ದ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಹಿಂಬದಿಯ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದ, ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಬೆಂಗಳೂರಿನಲ್ಲಿ ಡಬಲ್ ಡೆಕ್ಕರ್ ಓಡುತ್ತಿದ್ದ ದಿನಗಳನ್ನು ಬಲ್ಲವರಿಗೆ ಆ ಇಕ್ಕಟ್ಟಿನ ಮೆಟ್ಟಿಲು ಎಂಥದೆಂದು ಹೇಳಬೇಕಾಗಿಲ್ಲ. ಊರು ಒಂದೇ, ಸಂಸ್ಥೆ ಒಂದೇ, ಬಸ್ಸೂ ಒಂದೇ. ಆದರೆ ಡ್ರೈವರುಗಳಿಗೆ ಹೃದಯಾಘಾತ ಹೆಚ್ಚು, ಬಂದಾಗ ಬೇಗನೆ ಸಾಯುವುದೂ ಹೆಚ್ಚು. ಅಂಚೆ ಇಲಾಖೆಯಲ್ಲೂ ನಡೆದು ಟಪಾಲು ಹಂಚುವವರಿಗೂ ಕುರ್ಚಿಯಲ್ಲಿ ಕೂರುವ ಗುಮಾಸ್ತರಿಗೂ ನಡುವೆ ಇದೇ ಅಂತರ ಕಂಡಿತು.

ಇಲ್ಲಿ ಆಕ್ಷೇಪವೊಂದು ತಾನಾಗಿ ಏಳುತ್ತದೆ: ಮೊದಲೇ ದಪ್ಪಗಿದ್ದವರು ಕೂರುವ ಕೆಲಸ ಆರಿಸಿಕೊಂಡಿರಬಹುದಲ್ಲ? ಈ ಸಂಶಯವನ್ನು ಮಾರಿಸರೇ ಬೆನ್ನು ಹತ್ತಿದರು, ಅದೂ ಎಲ್ಲಿ ಎಂದರೆ ಸಮವಸ್ತ್ರದ ದಾಖಲೆಗಳಲ್ಲಿ. ನೌಕರರಿಗೆ ಸಾರಿಗೆ ಸಂಸ್ಥೆಯೇ ಸಮವಸ್ತ್ರ ಹೊಲಿಸಿ ಕೊಡುತ್ತಿದ್ದುದರಿಂದ ಪ್ರತಿಯೊಬ್ಬನ ಪ್ಯಾಂಟಿನ ಸೊಂಟದ ಅಳತೆ ಬರೆದಿಟ್ಟಿತ್ತು. 1956ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಡ್ರೈವರುಗಳ ಸೊಂಟ ಕಂಡಕ್ಟರುಗಳಿಗಿಂತ ದಪ್ಪವಿತ್ತು, ಕಿರಿಯ ವಯಸ್ಸಿನವರಲ್ಲೂ. ಆಕ್ಷೇಪದಲ್ಲಿ ಹುರುಳಿದೆ ಎಂದಾಯಿತು, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಮುಂದಿನ ವಿಶ್ಲೇಷಣೆಯಲ್ಲಿ ತೆಳ್ಳಗಿನವರು, ಸಾಧಾರಣ ಮೈಯವರು, ದಪ್ಪಗಿನವರು ಎಂದು ವಿಂಗಡಿಸಿ ನೋಡಿದಾಗ, ಮೂರೂ ಗುಂಪಿನಲ್ಲಿ ಕಂಡಕ್ಟರುಗಳಿಗೇ ಅಪಾಯ ಕಡಿಮೆ ಇತ್ತು. ಮೆಟ್ಟಿಲು ಕೊಟ್ಟ ರಕ್ಷಣೆಯನ್ನು ಸೊಂಟದ ಅಳತೆಯಿಂದ ಪೂರ್ತಿ ವಿವರಿಸಲಾಗಲಿಲ್ಲ. ಟೈಲರನ ಟೇಪಿನ ಆ ಅಂಕಿಗಳನ್ನು ಹುಡುಕಿ ತೆಗೆದ ಪ್ರಾಮಾಣಿಕತೆ ನನಗೆ ಆ ಮೊದಲ ಶೋಧದಷ್ಟೇ ದೊಡ್ಡದಾಗಿ ಕಾಣುತ್ತದೆ.

ಸೊಂಟದ ಮಹತ್ವ ಅಷ್ಟು ಹೊತ್ತಿಗೆ ಫ್ರಾನ್ಸಿನಲ್ಲಿ ತಿಳಿದಿತ್ತು. ಮಾರ್ಸೆಯ ವೈದ್ಯ ಜಾನ್ ವಾಗ್, ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಮುಖ್ಯ, ಮೈಯ ಮೇಲರ್ಧದಲ್ಲಿ ಕೂತ ಕೊಬ್ಬೇ ಸಕ್ಕರೆ ಕಾಯಿಲೆಗೆ ದಾರಿ ಎಂದು 1947ರಲ್ಲೇ ಹೇಳಿದ್ದರು. ಆದರೂ ಗೆದ್ದದ್ದು ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ, ಕೆಟ್ಲೆಯ ಹಳೆಯ ಸೂತ್ರ. 1972ರಲ್ಲಿ ಆನ್ಸೆಲ್ ಕೀಸ್ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಹೋಲಿಸಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟರು. ಜನಸಮೂಹಗಳ ಅಧ್ಯಯನಕ್ಕೆ ಒದಗುವ ಸರಳ ಸೂಚ್ಯಂಕವೆಂದು ಬಂದದ್ದು ಮೆಲ್ಲಗೆ ಒಬ್ಬೊಬ್ಬರ ರಿಪೋರ್ಟಿನ ಮೊದಲ ಸಾಲಾಯಿತು. ನಮ್ಮ ನಾಡಿನ ಮೈಗಳಿಗೆ ಅದು ಎಷ್ಟು ಒಗ್ಗುವುದಿಲ್ಲ ಎಂಬುದನ್ನು 2004ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದ ಒಂದು ಫೋಟೊ ತೋರಿಸಿತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರದೂ ಸೂಚ್ಯಂಕ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ದಾಖಲೆಗಳು ಇದರ ಬೇರು ಎಷ್ಟು ಆಳದಲ್ಲಿರಬಹುದು ಎಂಬುದರ ಸುಳಿವು ಕೊಟ್ಟಿದ್ದವು. 1934ರಿಂದ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದ 1996ರ ಅಧ್ಯಯನದ ಪ್ರಕಾರ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಜನರಿಗೆ ಹೃದ್ರೋಗವಿತ್ತು. ಮೂರು ಕಿಲೋ ಚಿಲ್ಲರೆಗಿಂತ ಹೆಚ್ಚಿದ್ದವರಲ್ಲಿ ಶೇ 3. ತಕ್ಕಡಿ ಅಲ್ಲಿ ನಿಜವಾಗಿ ಮಾತಾಡಿದ್ದು ತೊಟ್ಟಿಲ ವಯಸ್ಸಿನಲ್ಲಿ.

ಮೈಯ ಕಸುವಿನ ಅಳತೆಗಳು ಮತ್ತೆ ಗೌರವ ಪಡೆಯಲು ಶತಮಾನದ ಕೊನೆ ಬರಬೇಕಾಯಿತು. ಹೊನೊಲುಲುವಿನಲ್ಲಿ 45ರಿಂದ 68 ವಯಸ್ಸಿನ ಆರು ಸಾವಿರ ಗಂಡಸರ ಮುಷ್ಟಿಯ ಹಿಡಿತವನ್ನು 1960ರ ದಶಕದ ಉತ್ತರಾರ್ಧದಲ್ಲಿ ಅಳೆದಿದ್ದರು. ಇಪ್ಪತ್ತೈದು ವರ್ಷಗಳ ನಂತರ ಯಾರು ಮೆಲ್ಲಗೆ ನಡೆಯುತ್ತಾರೆ, ಯಾರಿಗೆ ಕುರ್ಚಿಯಿಂದ ಏಳಲು ಕಷ್ಟ ಎಂಬುದನ್ನು ಆ ಹಿಡಿತ ಮುಂಚೆಯೇ ಸೂಚಿಸಿತ್ತು ಎಂದು 1999ರಲ್ಲಿ ಗೊತ್ತಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಭಾಗವಹಿಸಿದ್ದ, 17 ದೇಶಗಳ ಪ್ಯೂರ್ ಅಧ್ಯಯನ 2015ರಲ್ಲಿ ಇನ್ನೂ ಮುಂದೆ ಹೋಯಿತು: ಸಾವಿನ ಸಂಭವವನ್ನು ಮುಷ್ಟಿಯ ಬಲ ರಕ್ತದೊತ್ತಡದ ಮೇಲಿನ ಅಂಕಿಗಿಂತ ಚೆನ್ನಾಗಿ ಸೂಚಿಸಿತು.

ತಕ್ಕಡಿ ಅಗ್ಗ, ಎಲ್ಲರಿಗೂ ಅರ್ಥವಾಗುತ್ತದೆ ಎನ್ನುವವರಿಗೆ ಉತ್ತರ ಸುಲಭ. ಟೈಲರನ ಟೇಪು ಇನ್ನೂ ಅಗ್ಗ. ಮೆಟ್ಟಿಲಿಗೂ ಕುರ್ಚಿಗೂ ಕಾಸಿಲ್ಲ. ಗಟ್ಟಿಯಾದ ಆಕ್ಷೇಪ ಅಮೆರಿಕದಿಂದ ಬಂದಿದೆ. ಅಲ್ಲಿನ ಮಧುಮೇಹ ತಡೆ ಪ್ರಯೋಗದಲ್ಲಿ ಆಹಾರ, ವ್ಯಾಯಾಮ ಬದಲಿಸಿದವರಿಗೆ ಕಾಯಿಲೆ ಶೇ 58ರಷ್ಟು ಕಡಿಮೆಯಾಯಿತು. ಇಳಿದ ಒಂದೊಂದು ಕಿಲೋಗೂ ಅಪಾಯ ಶೇ 16ರಂತೆ ತಗ್ಗಿತು ಎಂದು ಅವರ ಲೆಕ್ಕ. ಇದನ್ನು ತಳ್ಳಿಹಾಕಲಾಗದು. ದಪ್ಪ ಮೈಯವರು ಕೊಬ್ಬು ಇಳಿಸಿಕೊಂಡರೆ ಲಾಭವುಂಟು, ಅಲ್ಲಿ ತೂಕ ನೋಡುವುದರಲ್ಲಿ ಅರ್ಥವೂ ಉಂಟು. ಆದರೆ ಚೆನ್ನೈಯ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಇದರ ಜೊತೆಗೇ ಓದಬೇಕು. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನ, ಸರಾಸರಿ ವಯಸ್ಸು ಸುಮಾರು 46. ಒಂದು ಗುಂಪಿಗೆ ಊಟದಲ್ಲಿ ಮಾರ್ಪಾಡು, ದಿನಕ್ಕೆ ಅರ್ಧ ಗಂಟೆ ನಡಿಗೆ. ಮೂರು ವರ್ಷದಲ್ಲಿ ಏನೂ ಬದಲಿಸದವರಲ್ಲಿ ಶೇ 55 ಮಂದಿ ಮಧುಮೇಹಿಗಳಾದರು, ಬದಲಿಸಿದವರಲ್ಲಿ ಶೇ 39.3. ಈ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ರಕ್ತದ ಸಕ್ಕರೆಯನ್ನು ನೋಡದೆ ಕಿಲೋ ಮಾತ್ರ ಬರೆದಿಟ್ಟಿದ್ದರೆ, ಕಾಯಿಲೆಯಿಂದ ತಪ್ಪಿಸಿಕೊಂಡವರಿಗೂ ನಿಮ್ಮಿಂದ ಏನೂ ಆಗಲಿಲ್ಲ ಎಂದೇ ಹೇಳಿ ಕಳಿಸಬೇಕಾಗುತ್ತಿತ್ತು.